ಅಪ್ಪನ ಗಾಡಿ ಜಾಗ ಬಿಡಲಿಲ್ಲ

ಕುಂತ್ಕೊಂಡು ಕೇಳ್ರಪ್ಪ. ಮಧ್ಯದಲ್ಲಿ ಎದ್ದು ಹೋದೋರಿಗೆ ಮತ್ತೆ ಮೊದಲಿಂದ ಹೇಳೋ ಪೈಕಿ ಅಲ್ಲ ನಾನು.

ಮಾರಕ್ಕ ಅಂತ ಒಬ್ಬಳು, ಮಂಡಕ್ಕಿ ಭಟ್ಟಿಯವಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶಿ. ವಯಸ್ಸು ಇಪ್ಪತ್ತಾರು ಆಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅದೇ ಅವನ ರೋಗ. ಗಾಡಿ ಓಡಿಸೋದೊಂದನ್ನ ಅವರಪ್ಪ ಕಲಿಸಿಟ್ಟು ಸತ್ತಿದ್ದ.

ಅಪ್ಪ ಬಿಟ್ಟುಹೋದದ್ದು ಒಂದು ಹಳೇ ಪಿಕಪ್. ಮೇಲಿನ ಬಾಡಿ ಕಲ್ಲಿನಂಗಿತ್ತು. ಕೆಳಗಿನ ಚಾಸಿ, ಅಂದ್ರೆ ಇಂಜಿನ್ನು ಚಕ್ರ ಹೊರೋ ಚೌಕಟ್ಟು, ತುಕ್ಕು ಹಿಡಿದು ಮುರಿದೇ ಹೋಯ್ತು. ಗಾಡಿ ಇಲ್ಲದೆ ಮಾರಕ್ಕ ಎರಡು ಸೋಮವಾರ ಸಂತೆ ತಪ್ಪಿಸಿದಳು. ದೊಡ್ಡಗಟ್ಟೆ ಸಂತೆಯ ಕಟ್ಟಳೆ ಏನಪ್ಪಾ ಅಂದ್ರೆ, ಹೊತ್ತು ಹುಟ್ಟುತ್ಲೇ ಯಜಮಾನ ರುದ್ರಪ್ಪ ಸುಣ್ಣದ ಬುಟ್ಟಿ ಹಿಡ್ಕೊಂಡು ಬರ್ತಾರೆ, ನಿಂತಿರೋ ಗಾಡಿ ಸುತ್ತ ಗೆರೆ ಹಾಕ್ತಾರೆ. ಮೂರು ಸಂತೆ ಗೆರೆ ಬೀಳದಿದ್ರೆ ಆ ಜಾಗ ಬೇರೆಯವರಿಗೆ. ಬೇವಿನ ಮರದ ಕೆಳಗಿನ ಮಾರಕ್ಕನ ಜಾಗದ ಮೇಲೆ ಪಾತ್ರೆ ಮಾರೋ ಹಾಲೇಶಪ್ಪ ಆಗಲೇ ಕಣ್ಣು ಹಾಕಿದ್ದ. ಬರೋ ಸೋಮವಾರ ಮೂರನೇದು. ಮಾರಕ್ಕನಿಗೆ ಅನ್ನ ಇಳೀತಿರಲಿಲ್ಲ.

ಗುರುವಾರ ಮೆಕ್ಯಾನಿಕ್ ಬುಡೇನ್ ಸಾಬಿ ಹೇಳಿದ, "ಅಕ್ಕಾ, ಗುಜರಿಯಲ್ಲಿ ಹೊಸ ಗಾಡಿದು ಚಾಸಿ ಐತೆ. ಇಂಜಿನ್ನು, ಚಕ್ರ, ಎಲ್ಲಾ ಗಟ್ಟಿ. ಅದರ ಮೇಲೆ ನಿಮ್ಮ ಬಾಡಿ ಕೂರಿಸೋಣ. ಮೇಲಿಂದು ತಿಪ್ಪೇಶಿ ಅಪ್ಪಂದು, ಕೆಳಗಿಂದು ಯಾರದೋ. ಲೋ ತಿಪ್ಪೇಶಿ, ಹೋಗಿ ಅದರ ಅಗಲ ಅಳ್ಕೊಂಡು ಬಾ."

ತಿಪ್ಪೇಶಿ ಹೋದ. ಚಾಸಿಯ ಈ ಅಂಚಿಗೊಂದು ಕೈ, ಆ ಅಂಚಿಗೊಂದು ಕೈ ಇಟ್ಟ. ಚಾಚಿದ ಕೈ ಚಾಚಿದಂಗೇ ಹೊರಟ. ಸೈಕಲ್ಲಿನವನೊಬ್ಬ ಅಡ್ಡ ಬಂದು ಚರಂಡಿಗೆ ಬಿದ್ದ. ಅದಕ್ಕೂ ಕೈ ಮಡಚಲಿಲ್ಲ. ಆದರೆ ಗ್ಯಾರೇಜಿಗೆ ಬಂದಾಗ ಕೈ ಎರಡೂ ಜೋತುಬಿದ್ದಿದ್ದವು.

"ಅಳತೆ ಎಲ್ಲಪ್ಪ?" ಅಂದ ಬುಡೇನ್.

"ತರ್ತಾ ಇದ್ದೆ ಅಣ್ಣ. ಯಜಮಾನ ರುದ್ರಪ್ಪ ಎದುರಿಗೆ ಬಂದ್ರು. ಕೈ ಮುಗಿದೆ. ಅಳತೆ ಹೋಯ್ತು."

ಮಾರಕ್ಕ ಹಣೆ ಚಚ್ಚಿಕೊಂಡಳು. "ನಿನ್ನ ಹೆತ್ತ ಹೊಟ್ಟೆಗೆ ಏನ್ ಹೇಳ್ಲೋ. ಕೈಯಲ್ಲಿ ಕೆಲಸ ಇದ್ದಾಗ ಯಾರು ಬಂದ್ರೂ, ಯಾರು ಕೂಗಿದ್ರೂ ಕೈ ಅಲ್ಲಾಡಿಸಬಾರದು. ತಿಳೀತಾ?"

ತಿಪ್ಪೇಶಿ ಹೂಂ ಅಂದ. ತಲೆಯಲ್ಲಿ ಗಂಟು ಹಾಕ್ಕೊಂಡ.

ಬುಡೇನೇ ಹೋಗಿ ಅಳೆದು ಚಾಸಿ ತಂದ. ಒಂದು ದಿನ ದಂಡ. ಶನಿವಾರ ಬಾಡಿಯನ್ನ ಚೈನ್ ಪುಲ್ಲಿಗೆ ಕಟ್ಟಿ ಮೇಲೆತ್ತಿದರು, ಚಾಸಿಯನ್ನ ಕೆಳಗೆ ತಳ್ಳಿದರು. ಚೈನು ತಿಪ್ಪೇಶಿ ಕೈಯಲ್ಲಿ. ಗೇಣು ಗೇಣಾಗಿ ಇಳಿಸಿದ. ಬುಡೇನ್ "ನಿಲ್ಸು" ಅಂದ, ನಿಲ್ಲಿಸಿದ. ಬೋಲ್ಟಿನ ತೂತಿಗೆ ರಬ್ಬರ್ ಇಡೋಕೆ ಬುಡೇನ್ ಕೈ ಒಳಗೆ ತೂರಿಸಿದ. ಅಷ್ಟರಲ್ಲಿ ಬಾಡಿ ತೂಗಿ, ಮೂಲೆ ಬಂದು ಅವನ ಅಂಗೈ ಮೇಲೆ ಕೂತಿತು.

"ಎತ್ತೋ," ಅಂದ ಬುಡೇನ್. ತಿಪ್ಪೇಶಿ ಅಲ್ಲಾಡಲಿಲ್ಲ. "ಎತ್ತೋ ತಿಪ್ಪೇಶಿ, ಕೈ ಹೋಗ್ತದೆ." ತಿಪ್ಪೇಶಿ ಚೈನ್ ಹಿಡಿದು ಕಂಬದಂಗೆ ನಿಂತಿದ್ದ. ಬುಡೇನ್ ಇನ್ನೊಂದು ಕೈಯಲ್ಲಿ ಬಾಡಿ ಎತ್ತೋಕೆ ನೋಡಿದ, ಆಗಲಿಲ್ಲ. ಬಾಗಿಲಲ್ಲಿ ಅಕ್ಕಿ ಕೇರ್ತಾ ಕೂತಿದ್ದ ಮಾರಕ್ಕ ಮೊರ ಬಿಸಾಕಿ ಓಡಿಬಂದು, ಮಗನ್ನ ತಳ್ಳಿ, ತಾನೇ ಚೈನ್ ಎಳೆದಳು. ಕೈ ಈಚೆ ಬಂತು. ಬೆರಳು ಐದೂ ಇದ್ದವು, ಚರ್ಮ ಇರಲಿಲ್ಲ.

"ಯಾಕೋ ಎತ್ತಲಿಲ್ಲ?"

"ಯಾರು ಕೂಗಿದ್ರೂ ಕೈ ಅಲ್ಲಾಡಿಸಬ್ಯಾಡ ಅಂದಿದ್ಯಲ್ಲವ್ವ."

ಅವಳಿಗೆ ಅಳು ಬಂತು. "ಮನುಷ್ಯರಿಗಿಂತ ದೊಡ್ಡದು ಯಾವುದೋ ಮಗನೇ. ಗಾಡಿ ಅಲುಗಾಡ್ತು ಅಂದ್ರೆ ಮೊದಲು ಮನುಷ್ಯರನ್ನ ಈಚೆ ತೆಗಿ. ಮಿಕ್ಕಿದ್ದೆಲ್ಲ ಆಮೇಲೆ."

ತಿಪ್ಪೇಶಿ ಹೂಂ ಅಂದ. ಗಂಟು ಹಾಕ್ಕೊಂಡ.

ಭಾನುವಾರ ಮಧ್ಯಾಹ್ನಕ್ಕೆ ಎಂಟು ಬೋಲ್ಟೂ ಬಿಗಿದದ್ದಾಯ್ತು. ಚಕ್ರಕ್ಕೆ ನಿಂಬೆಹಣ್ಣಿಟ್ಟು ಮಾರಕ್ಕ ಮುಂದೆ ಹತ್ತಿ ಕೂತಳು. ತಿಪ್ಪೇಶಿ ಸ್ಟಾರ್ಟ್ ಮಾಡಿದ. ಗಾಡಿ ಗಡಗಡ ಅಲುಗಾಡಿತು. ತಿಪ್ಪೇಶಿ ಹಾರಿ ಇಳಿದು, ಅವ್ವನ್ನ ಮಗು ಎತ್ತಿದಂಗೆ ಎತ್ತಿ ಕಲ್ಲಿನ ಮೇಲೆ ಕೂರಿಸಿದ.

ಮತ್ತೆ ಹತ್ತಿದಳು, ಮತ್ತೆ ಎತ್ತಿದ. ಮೂರನೇ ಸಲನೂ ಎತ್ತಿದ. "ಇಂಜಿನ್ ಓಡಿದ್ರೆ ಗಾಡಿ ಅಲುಗಾಡದೆ ಇನ್ನೇನ್ ಮಾಡ್ತದೋ?" ಅಂತ ಬುಡೇನ್ ಬಟ್ಟೆ ಸುತ್ತಿದ ಕೈಯನ್ನ ಎದೆಗೆ ಹಿಡ್ಕೊಂಡು ಕೇಳಿದ. ಹೊತ್ತು ಇಳೀತಾ ಇತ್ತು.

ಮಾರಕ್ಕ ಸೋತಳು. "ನೀನೊಬ್ಬನೇ ಹೋಗು. ನಾಳೆ ಹೊತ್ತು ಹುಟ್ಟೋ ಮುಂಚೆ ನಮ್ಮ ಜಾಗದಲ್ಲಿ ನಿಲ್ಸು. ಗೆರೆ ಬಿದ್ದ ಮೇಲೆ ಬಂದು ಬಿಸಿ ಮಂಡಕ್ಕಿ ಚೀಲ ತಗೊಂಡು ಹೋಗು. ಒಂದು ಮಾತು ಕೇಳು. ಹಾಲೇಶಪ್ಪ ಹೊಂಚು ಹಾಕ್ತಾವ್ನೆ. ಏನೇ ಆಗ್ಲಿ, ನಿಮ್ಮಪ್ಪನ ಗಾಡಿ ಆ ಜಾಗ ಬಿಟ್ಟು ಒಂದು ಗೇಣು ಆಚೆ ಬರಬಾರದು."

ತಿಪ್ಪೇಶಿ ಹೂಂ ಅಂದ. ಈ ಸಲ ಎರಡು ಗಂಟು ಹಾಕ್ಕೊಂಡ.

ಸೋಮವಾರ ಹೊತ್ತು ಹುಟ್ಟಿತು. ಮಾರಕ್ಕ ಚೀಲ ಕಟ್ಟಿ ರಸ್ತೆಗೆ ಬಂದಳು. ಬೆಳಕು ಹರಿಯೋ ಮುಂಚೆನೇ ಹಾಲೇಶಪ್ಪನ ಗಾಡಿ ಸಂತೆ ಕಡೆ ಹೋದದ್ದನ್ನ ಅವಳು ಕಂಡಿದ್ದಳು. ಹೊತ್ತು ಮಾರುದ್ದ ಏರಿತು, ಎರಡು ಮಾರು ಏರಿತು, ಮಗ ಬರಲಿಲ್ಲ. ಹೋಯ್ತು ನನ್ನ ಜಾಗ ಅಂತ ಅವಳು ಚೀಲದ ಮೇಲೆ ಕುಸಿದು ಕೂತಾಗ ಇಂಜಿನ್ ಸದ್ದು ಕೇಳಿಸ್ತು.

ಬಂತ್ರಪ್ಪ ಗಾಡಿ. ಗಾಡಿ ಎಲ್ಲಿ ಬಂತು? ನಾಲ್ಕು ಚಕ್ರ, ಎರಡು ಕಬ್ಬಿಣದ ಪಟ್ಟಿ, ಒಂದು ಇಂಜಿನ್ನು. ಎಣ್ಣೆ ಡಬ್ಬದ ಮೇಲೆ ತಿಪ್ಪೇಶಿ ಕೂತಿದ್ದ, ಕೈಯಲ್ಲಿ ಸ್ಟೇರಿಂಗ್ ಇತ್ತು. ಮೇಲೆ ಆಕಾಶ.

"ಬಾಡಿ ಎಲ್ಲೋ?"

"ಅಪ್ಪನ ಗಾಡಿ ಜಾಗದಲ್ಲೇ ಐತವ್ವ, ಒಂದು ಗೇಣೂ ಆಚೆ ಬಂದಿಲ್ಲ. ಬೋಲ್ಟ್ ಬಿಚ್ಚಿದೆ, ಹತ್ತು ಜನ ಹಮಾಲರು ಎತ್ತಿ ಇಳಿಸಿದ್ರು. ಚೀಲ ತರೋಕೆ ಯಾರದೋ ಚಾಸಿ ತಗೊಂಡು ಬಂದೆ."

"ಗೆರೆ?"

"ಬಿತ್ತು. ಹಾಲೇಶಪ್ಪ ಬಾಡಿ ತಳ್ಳಿ ನೋಡ್ದ, ಅಲ್ಲಾಡ್ಲಿಲ್ಲ. ಚಕ್ರನೇ ಇಲ್ದಿರೋ ಗಾಡಿ ಇನ್ನೆಲ್ಲಿಗೆ ಹೋದೀತು, ಈ ಜಾಗ ಮಾರಕ್ಕಂದೇ ಅಂತ ಯಜಮಾನ್ರು ಸುಣ್ಣ ಎಳೆದ್ರು."

ಮಾರಕ್ಕನಿಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ, ಎರಡನ್ನೂ ಮಾಡಿದಳು. ಮಗನ ತಲೆ ಸವರಿದಳು. ಚೀಲಗಳನ್ನ ಚಾಸಿಗೆ ಬಿಗಿದರು. ಅವಳು ಹತ್ತಿ ಚೀಲದ ಮೇಲೆ ಕೂತು, "ನಡಿಯಪ್ಪ, ಮಂಡಕ್ಕಿ ಆರೋಗ್ತದೆ" ಅಂದಳು. ತಿಪ್ಪೇಶಿ ಸ್ಟಾರ್ಟ್ ಮಾಡಿದ. ಚಾಸಿ ಗಡಗಡ ಅಲುಗಾಡಿತು.

ತಿಪ್ಪೇಶಿ ಇಳಿದ, ಅವ್ವನ್ನ ಎತ್ತಿ ಮೈಲಿಕಲ್ಲಿನ ಮೇಲೆ ಹುಷಾರಾಗಿ ಕೂರಿಸಿದ, ಡಬ್ಬದ ಮೇಲೆ ಕೂತು ಹೊರಟೇಹೋದ.

ಸಂತೆಗೆ ಮೂರು ಮೈಲಿ. ಮಾರಕ್ಕ ನಡೆದೇ ಹೋದಳು. ಆ ಬಾಡಿ ಈಗಲೂ ಬೇವಿನ ಮರದ ಕೆಳಗೇ ಐತೆ, ನಂಬದೋರು ಸೋಮವಾರ ಬಂದು ಮಂಡಕ್ಕಿ ತಿಂದು ಹೋಗಿ.