ಕೈಮಾತು ಬಿಟ್ಟ ತಾಯಿ

"ಮತ್ತೆ ನಡುವೆ ಬಾಯಿ ಹಾಕಿದೆ! ಬೆಳಗಿನಿಂದ ಇದು ಮೂರನೆಯ ಸಲ. ಒಂದು ಮಾತು ಮುಗಿಸಲು ಬಿಡುವುದಿಲ್ಲವಲ್ಲ ನೀನು" ಎಂದರು ಗುರುಗಳು.

ಬಾಳವ್ವ ತಲೆ ತಗ್ಗಿಸಿದಳು. ಆದರೂ ಕೇಳದೆ ಇರಲಾಗಲಿಲ್ಲ. ಅವಳ ಮಗನಿಗೆ ಮೂರು ವರ್ಷ ತುಂಬಿತ್ತು. ಇನ್ನೂ ಕಾಲೂರಿ ನಿಂತಿರಲಿಲ್ಲ.

"ತಪ್ಪಾಯಿತು ಅಜ್ಜಾರೆ. ಪೇಟೆಗೆ ಒಬ್ಬ ತಾಯಿ ಬಂದಿದ್ದಾರೆ. ಮೇಲಿನ ಲೋಕದವರು ಅವರ ಬಾಯಿಂದ ಮಾತಾಡುತ್ತಾರಂತೆ. ಮಗ ಓಡಾಡುತ್ತಿದ್ದಾನೆ ಎಂದೇ ನೆನೆ, ವಿಶ್ವ ಅದನ್ನು ನಿಜ ಮಾಡುತ್ತದೆ ಎಂದರು. ಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಕಂತೆ, ತಿಕ್ಕಿದರೆ ನಂಬಿಕೆ ಇಲ್ಲವೆಂದೇ ಅರ್ಥವಂತೆ. ನಾಳೆಯಿಂದ ಬಿಡಲೇ?"

"ಮೇಲಿನ ಲೋಕದವರು ಅಷ್ಟು ದೂರದಿಂದ ಬಂದು ನಮ್ಮೂರ ಕನ್ನಡವನ್ನೇ ಆಡುತ್ತಾರೆ. ಪಾಪ, ಕಷ್ಟಪಟ್ಟು ಕಲಿತಿರಬೇಕು" ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಕತೆ ಹೇಳಿದರು.

ಒಬ್ಬ ನೇಕಾರ ಹೆಂಗಸಿದ್ದಳು. ಅವಳ ಮಗಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ತಾಯಿ ಮಗಳು ತಮ್ಮಷ್ಟಕ್ಕೆ ಒಂದು ಕೈಮಾತು ಕಟ್ಟಿಕೊಂಡಿದ್ದರು. ಮೂಗಿನ ಪಕ್ಕ, ಮೂಗುತಿಯ ಜಾಗ ಮುಟ್ಟಿದರೆ ಅವ್ವ. ಹಣೆಗೆ ಮುಷ್ಟಿ ಒತ್ತಿದರೆ ಸಿಟ್ಟು. ಮಗ್ಗದ ಮುಂದೆ ಕೂತು ಇಬ್ಬರೂ ದಿನವಿಡೀ ಹರಟುತ್ತಿದ್ದರು. ಕೈ ಮಗಳ ಜೊತೆ ಮಾತಿಗೆ ಬಿದ್ದು ಎಷ್ಟೋ ಸಲ ನೇಯ್ಗೆ ನಿಲ್ಲುತ್ತಿತ್ತು.

ಆ ಊರಿಗೂ ಇಂಥವಳೇ ಒಬ್ಬಳು ಬಂದಳು. ಕಣ್ಣು ಮುಚ್ಚಿ, ದನಿ ಬದಲಿಸಿ ಹೇಳಿದಳು: "ನಿನ್ನ ಮಗಳಿಗೆ ಕಿವಿ ಬಂದಿದೆ ಎಂದೇ ಬದುಕು. ನೀನು ಒಂದು ಸಲ ಕೈಸನ್ನೆ ಮಾಡಿದರೂ ಬರುವ ವರ ಹಿಂದಕ್ಕೆ ಹೋಗುತ್ತದೆ."

ತಾಯಿ ಅಂದಿನಿಂದ ಕೈಮಾತು ಬಿಟ್ಟಳು. ಬಾಯಿಂದಷ್ಟೇ ಮಾತಾಡಿದಳು. ಮಗಳು ಸನ್ನೆ ಮಾಡಿದರೆ ಮುಖ ತಿರುಗಿಸಿದಳು. ಕಣ್ಣು ಮುಚ್ಚಿದಾಗಲೆಲ್ಲ ಮಗಳು ಅವ್ವಾ ಎಂದು ಕೂಗುತ್ತಾ ಓಡಿ ಬರುವುದನ್ನು ಕಂಡಳು; ಕಂಡು ಹಿಗ್ಗಿದಳು. ಮಗಳು ಕೆಲವು ದಿನ ಅವಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಿತು. ಆಮೇಲೆ ಅದರ ಕೈಗಳೂ ಸುಮ್ಮನಾದವು.

ಮೂರು ತಿಂಗಳು ಕಳೆದರೂ ಕಿವಿ ಬರಲಿಲ್ಲ. ತಾಯಿ ಹೋಗಿ ಕೇಳಿದಳು. "ನಿನ್ನೊಳಗೆ ಎಲ್ಲೋ ಅನುಮಾನ ಉಳಿದಿದೆ, ಹುಡುಕಿ ಕಿತ್ತುಹಾಕು" ಎಂಬ ಉತ್ತರ ಬಂತು. ಮಗಳ ಕಿವುಡಿಗೆ ತಾನೇ ಕಾರಣವೆಂದು ನಂಬಿ ಅವಳು ಮನೆಗೆ ಬಂದು ಬಿಕ್ಕಿದಳು. ಮಗಳು ಹತ್ತಿರ ಬಂದು ಕಣ್ಣೊರೆಸಿತು. ತುಸು ಹೆದರುತ್ತಲೇ ಮೂಗಿನ ಪಕ್ಕ ಮುಟ್ಟಿ, ಹಣೆಗೆ ಮುಷ್ಟಿ ಒತ್ತಿ, ತನ್ನ ಎದೆ ತೋರಿಸಿತು. ಅವ್ವನಿಗೆ ನನ್ನ ಮೇಲೆ ಸಿಟ್ಟೇ?

ತಾಯಿಯ ಎರಡೂ ಕೈ ತಾವಾಗಿಯೇ ಮೇಲೆದ್ದವು. ಇಲ್ಲ, ಇಲ್ಲ ಎಂದವು. ಮಗಳು ಅವನ್ನು ಹಿಡಿದು ಮುಖಕ್ಕೆ ಒತ್ತಿಕೊಂಡಿತು.

ಬಾಳವ್ವನಿಗೆ ತಡೆಯಲಾಗಲಿಲ್ಲ. "ಆ ನೇಕಾರ ತಾಯಿಯನ್ನು ಬಯ್ಯಬೇಡಿ ಅಜ್ಜಾರೆ. ಅವಳು ನೆನೆದದ್ದು ಪ್ರೀತಿಯಿಂದಲೇ ಅಲ್ಲವೇ?"

ಈ ಸಲ ಗುರುಗಳು ಸಿಡುಕಲಿಲ್ಲ.

"ಪ್ರೀತಿಯಿಂದಲೇ, ನನ್ನವ್ವಾ, ಆದರೆ ಆ ಮೂರು ತಿಂಗಳು ಅವಳು ಕಣ್ಣು ಮುಚ್ಚಿ ಕಂಡ ಮಗಳನ್ನೇ ಮುದ್ದಾಡುತ್ತಿದ್ದಾಗ, ಎದುರಿಗೆ ನಿಂತ ಮಗಳಿಗೆ ತಾಯಿ ಯಾರಿದ್ದರು?"