ಚಾಪ್ಸ್ ಮೇಲಿಟ್ಟ ಹೆಂಚು

"ಮದರ್, ಎಷ್ಟು ಬಿಗಿ ಮಾಡಿದರೂ ನೆಟ್ಟಗಾಗದವರನ್ನು ಎಂತ ಮಾಡುದು?"

ಕೇಳಿದವಳು ಸಿಸ್ಟರ್ ಜಾಸಿಂತಾ. ಕಾನ್ವೆಂಟಿನ ಹುಡುಗಿಯರ ಹಾಸ್ಟೆಲಿಗೆ ಅವಳು ಹೊಸ ವಾರ್ಡನ್. ಕೇಳಿಸಿಕೊಂಡವರು ಮದರ್ ಸೆವರೀನ್. ಒಂದು ಕಾಲದಲ್ಲಿ ಇಡೀ ಕಾನ್ವೆಂಟನ್ನು ನಡೆಸಿದವರು. ಈಗ ವಯಸ್ಸಾಗಿ ಹಿಂದಿನ ಜಗಲಿಯಲ್ಲಿ ಕುಳಿತು ಅಡುಗೆಮನೆಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದರು. ಚಿಕ್ಕ ಸಿಸ್ಟರುಗಳಿಗೆ ಏನೇ ತೊಡಕು ಬಂದರೂ ಮೊದಲು ಆ ಜಗಲಿಗೇ ಓಡಿ ಬರುತ್ತಿದ್ದರು. ಬಂದವರಿಗೆ ಮದರ್ ಎರಡು ಕೊಡುತ್ತಿದ್ದರು: ಸುಲಿಯಲು ಒಂದು ಹಿಡಿ ಬೆಳ್ಳುಳ್ಳಿ, ಕೇಳಲು ಒಂದು ಕತೆ.

"ಯಾರು ನೆಟ್ಟಗಾಗದವರು?" ಎಂದು ಮದರ್ ಕೇಳಿದರು.

ಜಾಸಿಂತಾ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಸಂಜೆ ಆರಕ್ಕೆ ಗೇಟು ಮುಚ್ಚುವ ನಿಯಮ ಮೊದಲಿನಿಂದಲೂ ಇತ್ತು. ಹುಡುಗಿಯರು ತಡ ಮಾಡಿದರು. ಅವಳು ಗೇಟನ್ನು ಐದಕ್ಕೇ ಮುಚ್ಚಿಸಿದಳು. ಅವರು ಕಿಟಕಿಯಲ್ಲಿ ನಿಂತರು, ಕಿಟಕಿಯಲ್ಲಿ ನಿಲ್ಲಬಾರದೆಂದಳು. ಅವರು ಮೊಗಸಾಲೆಯಲ್ಲಿ ಕುಳಿತು ನಕ್ಕರು. ಊಟದ ನಂತರ ಮಾತೇ ಬೇಡವೆಂದಳು. ಈಗ ಅವಳು ಒಳಗೆ ಬಂದರೆ ಸಾಕು, ಊಟದ ಕೋಣೆ ಸ್ಮಶಾನದಂತೆ ಆಗುತ್ತದೆ. ನಿನ್ನೆ ವಿನುತಾ ಎಂಬ ಹುಡುಗಿ ಹಿಂದಿನ ಗೋಡೆ ಹಾರಿ ಚರುಮುರಿ ತಿಂದು ಬಂದಿದ್ದಾಳೆ. ಸೋಮವಾರ ಅವಳ ತಂದೆಯನ್ನು ಕರೆಸಿ, ಅವಳನ್ನು ಹಾಸ್ಟೆಲಿನಿಂದ ಬಿಡಿಸಬೇಕು. ಒಂದು ದೂರು ಬಂದರೂ ಓದು ನಿಲ್ಲಿಸಿ ಮನೆಯಲ್ಲಿ ಕೂರಿಸುತ್ತೇನೆಂದು ಆ ತಂದೆ ಸೇರಿಸುವಾಗಲೇ ಹೇಳಿ ಹೋಗಿದ್ದಾನೆ.

"ನನಗೂ ಅವಳ ಮೇಲೆ ಪ್ರೀತಿ ಉಂಟು ಮದರ್. ರಾತ್ರಿ ನಿದ್ದೆ ಬರ್ಲಿಲ್ಲ. ಆದರೆ ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ವಾ?"

"ಡಾಕ್ಟರು ನನಗೆ ಉಪ್ಪೇ ಬಿಡಿಸಿದ್ದಾರೆ. ಆ ಗಾದೆ ನನ್ನ ಹತ್ರ ಹೇಳ್ಬೇಡ" ಎಂದರು ಮದರ್. ಒಂದು ಹಿಡಿ ಬೆಳ್ಳುಳ್ಳಿಯನ್ನು ಅವಳ ಮಡಿಲಿಗೆ ಹಾಕಿದರು. ಆಮೇಲೆ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಮನೆಯ ಮಾಡಿಗೆ ಹೊದಿಸುವ ಹೆಂಚಿನ ವ್ಯಾಪಾರಿ ಒಬ್ಬ ಇದ್ದ. ಅವನಿಗೆ ಹೆಂಡತಿ, ಒಬ್ಬಳೇ ಮಗಳು. ವ್ಯಾಪಾರಿ ಕೆಟ್ಟವನಲ್ಲ, ಹೆದರುವವನು. ಹೆದರುವವರು ಹಟಮಾರಿಗಳಾಗುವುದು ಲೋಕದಲ್ಲಿ ಸಾಮಾನ್ಯ. ಅವನದೂ ಹಿಡಿದ ಮೊಲಕ್ಕೆ ಮೂರೇ ಕಾಲು.

ಮಗಳು ಇಗರ್ಜಿಯ ಸಭಾಭವನದಲ್ಲಿ ನಡೆಯುವ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಕ್ಲಾಸು ಮುಗಿಯುವಾಗ ಕತ್ತಲಾಗುತ್ತಿತ್ತು. ದಾರಿಯಲ್ಲಿ ಏನಾದರೂ ಆದರೆ ಎಂದು ತಂದೆಗೆ ಹೆದರಿಕೆ. ಮೊದಲು ದೀಪ ಹಚ್ಚುವ ಮೊದಲೇ ಬರಬೇಕೆಂದ. ಆಮೇಲೆ ತಾಯಿಯ ಜೊತೆ ಹೋಗಿ ತಾಯಿಯ ಜೊತೆ ಬರಬೇಕೆಂದ. ತಾಯಿಗೆ ಮಂಡಿನೋವು. ಕೊನೆಗೆ ಹೋಗುವುದೇ ಬೇಡವೆಂದ. ಮಗಳು ಎದುರು ಮಾತನಾಡಲಿಲ್ಲ. ಮಾತನಾಡುವುದನ್ನೇ ಬಿಟ್ಟಳು. ಅಂದು ವಿಭೂತಿ ಬುಧವಾರ. ಊರಿನವರು ಈಸ್ಟರಿನವರೆಗಿನ ತಪಸ್ಸು ಕಾಲಕ್ಕೆಂದು ಮಾಂಸ ಬಿಟ್ಟರು. ಅವಳು ಮಾಂಸದ ಜೊತೆಗೆ ತಂದೆಯನ್ನೂ ಬಿಟ್ಟಳು. ತಂದೆ ಊಟಕ್ಕೆ ಕುಳಿತರೆ ಅವಳು ಅಡುಗೆಮನೆಯಲ್ಲಿ ಉಣ್ಣುತ್ತಿದ್ದಳು. ತಂದೆ ಜಗಲಿಗೆ ಬಂದರೆ ಅವಳು ಒಳಗೆ ಹೋಗಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಆ ಯಂತ್ರದ ಸದ್ದು ವ್ಯಾಪಾರಿಯ ಎದೆಯೊಳಗೆ ಹೊಲಿಗೆ ಹಾಕುತ್ತಿತ್ತು. ಮಗಳು ಒಂದು ಸಲ ಪಪ್ಪಾ ಎಂದರೆ ಸಾಕು ಎನ್ನುವಷ್ಟು ಅವನು ಸೋತಿದ್ದ. ಆದರೆ ಸೋತೆ ಎಂದು ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಈಸ್ಟರ್ ಹತ್ತಿರ ಬಂತು. ವ್ಯಾಪಾರಿಗೆ ಒಂದು ನೆನಪಾಯಿತು. ಹಿಂದೊಮ್ಮೆ ನೆಂಟರ ಮನೆಯ ಮದುವೆಯಲ್ಲಿ ಹಂದಿಮಾಂಸದ ಚಾಪ್ಸ್ ಅನ್ನು ಕೆಂಡದ ಮೇಲೆ ಸುಟ್ಟು ಕೊಟ್ಟಿದ್ದರು. ಮಗಳು ಬೆರಳು ನೆಕ್ಕಿಕೊಂಡು, ಇದನ್ನು ನಮ್ಮ ಮನೆಯಲ್ಲಿ ಒಮ್ಮೆ ಮಾಡಬೇಕು ಎಂದಿದ್ದಳು. ಕ್ಷಮೆ ಕೇಳಲು ಬಾರದ ಗಂಡಸರು ತಿನ್ನಲು ತಂದುಕೊಡುತ್ತಾರೆ. ಈಸ್ಟರ್ ಮಧ್ಯಾಹ್ನ ಚಾಪ್ಸ್ ಸುಡುವುದು ನಾನೇ, ಮಗಳು ಮೇಜಿಗೆ ಬಂದು ನನ್ನ ಜೊತೆ ಉಣ್ಣಬೇಕು ಎಂದು ಅವನು ಹೆಂಡತಿಯ ಮೂಲಕ ಹೇಳಿ ಕಳಿಸಿದ. ನನಗೆ ಅಡುಗೆಮನೆಯೇ ಸಾಕು ಎಂದು ಮಗಳು ತಾಯಿಯ ಮೂಲಕವೇ ಉತ್ತರ ಕಳಿಸಿದಳು. ಒಂದೇ ಮನೆಯೊಳಗೆ ತಾಯಿಗೆ ಅಂಚೆಯವನ ಕೆಲಸ.

ಹಬ್ಬದ ದಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವನೇ ವ್ಯಾಪಾರಿ ಹಿತ್ತಿಲಿನಲ್ಲಿ ಕಲ್ಲು ಜೋಡಿಸಿದ. ತೆಂಗಿನ ಗೆರಟೆ ಸುಟ್ಟು ಕೆಂಡ ಮಾಡಿದ. ಮೇಲೆ ಕಬ್ಬಿಣದ ಜಾಲರಿ ಇಟ್ಟ. ಚಾಪ್ಸ್ ಒಳ್ಳೆಯ ದಪ್ಪ ತುಂಡುಗಳು. ಒಂದು ಬದಿಗೆ ಎಲುಬು, ಇನ್ನೊಂದು ಬದಿಗೆ ಬಿಳಿ ಕೊಬ್ಬಿನ ಪಟ್ಟಿ. ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ವಿನೆಗರ್ ಹಚ್ಚಿ ಹೆಂಡತಿ ಬೆಳಿಗ್ಗೆಯೇ ಇಟ್ಟಿದ್ದಳು. ಅಲ್ಲಿಯವರೆಗೆ ಎಲ್ಲವೂ ಸರಿಯೇ.

ಮೊದಲ ತುಂಡು ಜಾಲರಿಗೆ ಬಿದ್ದು ಸ್ವಲ್ಪ ಹೊತ್ತಿಗೇ ಮುದುರತೊಡಗಿತು. ಅಂಚು ಮೇಲೆದ್ದು ಮಾಂಸ ಬೋಗುಣಿಯಂತಾಯಿತು. ತಿರುವಿ ಹಾಕಿದರೆ ಅಂಚು ಬೆಂಕಿಗೆ ತಾಗಿತು, ನಡು ಮೇಲೆ ನಿಂತಿತು. ವ್ಯಾಪಾರಿಗೆ ದಿಗಿಲು. ಹಂದಿಮಾಂಸ ಹಸಿ ಉಳಿಯಬಾರದು, ಉಳಿದರೆ ಹೊಟ್ಟೆಗೆ ಕೇಡು ಎಂದು ಅವನ ತಾಯಿ ಕಲಿಸಿದ್ದಳು. ಮಗಳಿಗೆ ಹಸಿಮಾಂಸ ಬಡಿಸುವುದೆಂದರೇನು? ಅವನು ಸೌಟಿನಿಂದ ಒತ್ತಿದ. ಕೈ ತೆಗೆದೊಡನೆ ಅದು ಮತ್ತೆ ಎದ್ದಿತು. ಅವನು ಸುತ್ತ ನೋಡಿದ. ಹೆಂಚಿನ ವ್ಯಾಪಾರಿಯ ಹಿತ್ತಿಲಿನಲ್ಲಿ ಇನ್ನೇನಿರುತ್ತದೆ? ಒಂದು ಹೆಂಚು ತಂದು ತೊಳೆದು ಮಾಂಸದ ಮೇಲೆ ಹೇರಿದ.

ಮಾಂಸ ಚಪ್ಪಟೆಯಾಯಿತು. ಅದರ ರಸವೆಲ್ಲ ಇಳಿದು ಕೆಂಡಕ್ಕೆ ಬಿತ್ತು. ಕೊಬ್ಬು ಹತ್ತಿ ಉರಿಯಿತು. ತೆಗೆದು ಕೊಯ್ದು ನೋಡಿದರೆ ಹೊರಗೆ ಇದ್ದಿಲು, ಎಲುಬಿನ ಹತ್ತಿರ ಇನ್ನೂ ಕೆಂಪು. ಭಾರ ಸಾಲಲಿಲ್ಲ ಎಂದುಕೊಂಡ. ಎರಡನೆಯ ತುಂಡಿಗೆ ಎರಡು ಹೆಂಚು ಹೇರಿ ಬಹಳ ಹೊತ್ತು ಬಿಟ್ಟ. ಈ ಸಲ ಒಳಗೆ ಕೆಂಪಿರಲಿಲ್ಲ. ಒಳಗೆ ಏನೂ ಇರಲಿಲ್ಲ. ಹಳೆಯ ಚಪ್ಪಲಿಯ ಅಟ್ಟೆಗೂ ಅದಕ್ಕೂ ವ್ಯತ್ಯಾಸ ಉಪ್ಪು ಮಾತ್ರ. ಮನೆಯ ನಾಯಿಗೆ ಹಾಕಿದರೆ ಅದು ಮೂಸಿ ನೋಡಿ, ಯಜಮಾನನ ಮರ್ಯಾದೆಗೆ ಬಾಲ ಅಲ್ಲಾಡಿಸಿ, ಬಾಯಲ್ಲಿ ಹಿಡಿದುಕೊಂಡು ಹೋಗಿ ಬಾಳೆಯ ಬುಡದಲ್ಲಿ ಹೂತಿಟ್ಟಿತು.

ಇಲ್ಲಿ ಜಾಸಿಂತಾ ನಕ್ಕಳು. ಆ ವಾರ ಅವಳು ನಕ್ಕದ್ದು ಅದೇ ಮೊದಲು. ಮದರ್ ಅದನ್ನು ಕಂಡೂ ಕಾಣದವರಂತೆ ಮುಂದುವರಿಸಿದರು.

ವ್ಯಾಪಾರಿ ಮೂರನೆಯ ತುಂಡನ್ನು ಜಾಲರಿಗೆ ಹಾಕಿ, ಮಾಡಿನ ನೆತ್ತಿಗೆ ಹೊದಿಸುವ ದೊಡ್ಡ ಹೆಂಚನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ಬಂದ. ಬಗ್ಗಿ ಇಡುವಾಗ ಬೆಂಕಿ ಎದ್ದು ಅವನ ಒಂದು ಹುಬ್ಬನ್ನು ಸವರಿಕೊಂಡು ಹೋಯಿತು. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮಗಳು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ತಂದೆಯ ಮೇಲಿನ ಸಿಟ್ಟು ಇನ್ನೂ ಇತ್ತು. ಆದರೆ ಅವನ ಹುಬ್ಬು ಸುಟ್ಟದ್ದನ್ನು ಕಂಡು ಅವಳ ಜೀವ ಝಲ್ಲೆಂದಿತು. ಮೇಲಾಗಿ ಇಷ್ಟು ದಿನ ಮಾಂಸ ಬಿಟ್ಟವಳು ಕಣ್ಣೆದುರೇ ಚಾಪ್ಸ್ ಹಾಳಾಗುವುದನ್ನು ಎಷ್ಟೆಂದು ಸಹಿಸಬೇಕು? ಅವಳು ಅಡುಗೆಮನೆಯ ಚೂರಿ ಹಿಡಿದು ಹಿತ್ತಿಲಿಗೆ ಬಂದಳು. ಹೊಲಿಗೆ ಕಲಿತವಳು, ಬಟ್ಟೆ ಕತ್ತರಿಸುವ ಕತ್ತರಿಯನ್ನು ಮಾಂಸಕ್ಕೆ ತಾಗಿಸುವವಳಲ್ಲ.

"ಪಪ್ಪಾ, ಆ ಹೆಂಚು ಕೆಳಗಿಡಿ" ಎಂದಳು. "ಮಾಂಸದ್ದು ಎಂತ ತಪ್ಪಿಲ್ಲ. ಸುತ್ತ ಇರುವ ಕೊಬ್ಬು ಬಿಸಿಗೆ ಬಿಗಿದು ಎಳೀತಾ ಉಂಟು. ಅದು ಎಳೆದರೆ ಇದು ಮುದುರದೆ ಎಂತ ಮಾಡ್ತದೆ? ನೀವು ಮೇಲಿಂದ ಒತ್ತಿದಷ್ಟೂ ರಸ ಹೋಗ್ತದೆ, ಅಷ್ಟೇ."

ವ್ಯಾಪಾರಿ ಹೆಂಚು ಕೆಳಗಿಟ್ಟ. ಇಷ್ಟು ದಿನ ಅವನು ಕಾದದ್ದು ಪಪ್ಪಾ ಎಂಬ ಆ ಒಂದು ಮಾತಿಗೆ.

ಮಗಳು ಜಾಲರಿಯ ಮೇಲಿನ ತುಂಡನ್ನೂ ಉಳಿದ ತುಂಡುಗಳನ್ನೂ ಹಲಗೆಗೆ ತೆಗೆದು, ಕೊಬ್ಬಿನ ಪಟ್ಟಿಗೆ ಅಲ್ಲಲ್ಲಿ ಚೂರಿಯಿಂದ ಸಣ್ಣ ಗೀರು ಹಾಕಿದಳು. ತಂದೆ ಬಗ್ಗಿ ನೋಡಿದ.

"ಇದನ್ನು ನಿನಗೆ ಯಾರು ಹೇಳಿಕೊಟ್ಟದ್ದು?"

"ಮಾಂಸದ್ದು ಯಾರೂ ಹೇಳಿಲ್ಲ. ರವಿಕೆಯ ಕುತ್ತಿಗೆ ಹೊಲಿದರೆ ಹೀಗೇ ಎಳೆದುಕೊಂಡು ನಿಲ್ತದೆ. ಎಷ್ಟು ಇಸ್ತ್ರಿ ಒತ್ತಿದರೂ ಕೂರುದಿಲ್ಲ. ಒಳಗಿನ ಅಂಚಿಗೆ ಅಲ್ಲಲ್ಲಿ ಕತ್ತರಿ ಕೊಟ್ಟರೆ ಕೂರ್ತದೆ. ಕ್ಲಾಸಲ್ಲಿ ನಾನು ಕೊನೆಗೆ ಕಲಿತದ್ದು ಅದೇ."

ಕೊನೆಗೆ ಎಂಬ ಮಾತು ವ್ಯಾಪಾರಿಗೆ ತಾಗಿತು. ಅವನು ಅದನ್ನು ನುಂಗಿಕೊಂಡು, ಹಾಗಾದರೆ ಆ ಪಟ್ಟಿಯನ್ನು ಪೂರ್ತಿ ಕೊಯ್ದು ಬಿಸಾಡಿದರೆ ಆಯಿತಲ್ಲ ಎಂದ. ಅದು ಬೇಡ, ಕೊಬ್ಬಿಲ್ಲದಿದ್ದರೆ ಮಾಂಸ ಒಣಗಿ ಹೋಗುತ್ತದೆ ಎಂದಳು ಮಗಳು. ಅಂಚು ಇರಬೇಕು, ಅದಕ್ಕೆ ಸ್ವಲ್ಪ ಸಡಿಲ ಬೇಕು. ಗೀರು ಕೊಬ್ಬಿಗೆ ಮಾತ್ರ, ಮಾಂಸಕ್ಕೆ ತಾಗಬಾರದು.

ಹೊಸದಾಗಿ ಕೆಂಡ ಮಾಡಿ ಒಂದು ಬದಿಗೆ ಹೆಚ್ಚು, ಒಂದು ಬದಿಗೆ ಕಡಿಮೆ ಹರಡಿದರು. ತುಂಡುಗಳನ್ನು ಮೊದಲು ಹೆಚ್ಚು ಕೆಂಡದ ಮೇಲೆ ಎರಡೂ ಮಗ್ಗುಲು ಕೆಂಪಗೆ ಮಾಡಿದರು. ಮಾಂಸ ಹಾಸಿಗೆಯಲ್ಲಿ ಮಲಗಿದಂತೆ ಚಪ್ಪಟೆ ಮಲಗಿತು. ಆಮೇಲೆ ಕಡಿಮೆ ಕೆಂಡದ ಬದಿಗೆ ಸರಿಸಿ, ಮೇಲೆ ಪಾತ್ರೆ ಕವುಚಿ, ಮೆಲ್ಲಗೆ ಒಳಗೂ ಬೇಯಲು ಬಿಟ್ಟರು. ವ್ಯಾಪಾರಿಯ ಕೈ ತುರಿಸಿತು. ಅವನು ಒಮ್ಮೆ ಪಾತ್ರೆಯನ್ನು ನೋಡಿದ, ಒಮ್ಮೆ ಹೆಂಚನ್ನು ನೋಡಿದ. ಗಂಡನನ್ನು ಬಲ್ಲ ಹೆಂಡತಿ ಬಂದು ಹೆಂಚನ್ನು ಎತ್ತಿಕೊಂಡು ಹೋಗಿ ಬಾವಿಯ ಆಚೆ ಇಟ್ಟಳು.

ಬೆಂಕಿಯಿಂದ ತೆಗೆದ ಮೇಲೂ ಮಗಳು ಕೂಡಲೇ ಕೊಯ್ಯಲು ಬಿಡಲಿಲ್ಲ. ಕೊಯ್ದರೆ ರಸವೆಲ್ಲ ಬಟ್ಟಲಿಗೆ, ಸುಮ್ಮನಿದ್ದರೆ ಬಾಯಿಗೆ ಎಂದಳು. ವ್ಯಾಪಾರಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಅಂದೇ ತಿಳಿದದ್ದು.

ಕೊನೆಗೂ ಕೊಯ್ದರು. ಎಲುಬಿನ ಹತ್ತಿರವೂ ಕೆಂಪಿರಲಿಲ್ಲ. ಚೂರಿ ತಾಗಿದಲ್ಲಿ ತಿಳಿಯಾದ ರಸ ಒಸರಿತು. ವ್ಯಾಪಾರಿ ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಮಗಳು ಎದುರು ಕುರ್ಚಿಯಲ್ಲಿ ಕುಳಿತು ಎಲುಬು ಚೀಪುತ್ತಿದ್ದಳು. ಅಡುಗೆಮನೆಯಲ್ಲಿ ಉಣ್ಣಬೇಕೆಂಬುದನ್ನು ಅವಳು ಮರೆತೇ ಬಿಟ್ಟಿದ್ದಳು. ನೆನಪಿಸಲು ತಂದೆಗೂ ತಾಯಿಗೂ ತಲೆ ಕೆಟ್ಟಿರಲಿಲ್ಲ. ತಾಯಿ ಗಂಡನ ಅರ್ಧ ಹುಬ್ಬನ್ನು ನೋಡಿ ನಕ್ಕಳು. ಮಗಳೂ ನಕ್ಕಳು. ಬಹಳ ದಿನಗಳ ನಂತರ ಆ ಮನೆಯಲ್ಲಿ ಹಬ್ಬ ಆಯಿತು.

ಊಟ ಮುಗಿಯುತ್ತಾ ಬಂತು. ಮಗಳು ಬೆರಳು ನೆಕ್ಕಿಕೊಂಡು, ತಟ್ಟೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು:

"ಪಪ್ಪಾ, ಹಬ್ಬದ ರಜೆ ಮುಗೀತು. ನಾಳೆ ಸೋಮವಾರ ಕ್ಲಾಸು ಪುನಃ ಸುರುವಾಗ್ತದೆ."

ವ್ಯಾಪಾರಿ ಕೈಯಲ್ಲಿದ್ದ ಎಲುಬನ್ನು ತಟ್ಟೆಗೆ ಇಟ್ಟ. ಹಿತ್ತಿಲಿನ ಬಾಗಿಲಿನಿಂದ ಬಾವಿ ಕಾಣುತ್ತಿತ್ತು. ಬಾವಿಯ ಆಚೆ ಹೆಂಚು ಕಾಣುತ್ತಿತ್ತು. ಅವನು ಅದನ್ನು ನೋಡಿದ. ಮಗಳನ್ನು ನೋಡಿದ. ಬಾಯಿ ತೆರೆದ.

ಇಷ್ಟು ಹೇಳಿ ಮದರ್ ಸೆವರೀನ್ ಕತೆ ನಿಲ್ಲಿಸಿದರು. ಮಡಿಲಿನ ಸಿಪ್ಪೆ ಕೊಡವಿ, ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿದರು. ಹಾಸ್ಟೆಲಿನ ಕಡೆಯಿಂದ ಯಾವ ಸದ್ದೂ ಇರಲಿಲ್ಲ. ಅಷ್ಟು ಹುಡುಗಿಯರಿರುವ ಮನೆಯಲ್ಲಿ ಶನಿವಾರ ಸಂಜೆ ಒಂದು ನಗೆಯೂ ಇರಲಿಲ್ಲ.

ಜಾಸಿಂತಾಳಿಗೆ ತಡೆಯಲಾಗಲಿಲ್ಲ. "ಮತ್ತೆ? ಅವನು ಎಂತ ಹೇಳಿದ ಮದರ್?"

"ಸೋಮವಾರ ನೀನು ವಿನುತಾಳ ತಂದೆಗೆ ಎಂತ ಹೇಳ್ತೀಯೋ, ಅವನೂ ಅದನ್ನೇ ಹೇಳಿದ ಮಗಾ."