ಸ್ವಾಮಿಗೆ ಕಂಬಳಿ ಹೊದಿಸಿದ ಸಂದ್ಯಾಗಪ್ಪ

ಬಲು ಹಿಂದೆ, ಹೊಳೆ ಇನ್ನೂ ಊರಿನ ಮೂಡಣಕ್ಕೆ ಹರಿಯುತ್ತಿದ್ದ ಕಾಲದಲ್ಲಿ, ಹಾಲಗಲ್ಲು ಎಂಬ ಊರಿನಲ್ಲಿ ಸಂದ್ಯಾಗಪ್ಪ ಎಂಬ ನೇಕಾರನಿದ್ದನಂತೆ. ಅವನ ಮಗ್ಗದ ಬಟ್ಟೆಯಲ್ಲಿ ನೀರು ಕಟ್ಟಿ ತರಬಹುದಿತ್ತಂತೆ, ಅಂಥ ಒತ್ತು ನೇಯ್ಗೆ. ಅರ್ಧ ನಂಬಿದರೂ ಸಾಕು.

ಆ ಊರಿನ ಕ್ರೈಸ್ತರಿಗೆ ಒಂದು ಕಟ್ಟಳೆ. ಶುಭಶುಕ್ರವಾರ ಯೇಸುಸ್ವಾಮಿಯ ಮರದ ಮೂರ್ತಿಯನ್ನು ಶಿಲುಬೆಯಿಂದ ಇಳಿಸಿ, ಹೊಸ ಬಿಳಿ ಬಟ್ಟೆ ಸುತ್ತಿ, ಚರ್ಚಿನ ಪಕ್ಕದ ಕಲ್ಲುಗವಿಯಲ್ಲಿ ಮಲಗಿಸಬೇಕು. ಆ ಬಟ್ಟೆ ನೇಯುವ ಹಕ್ಕು ಸಂದ್ಯಾಗಪ್ಪನ ಮನೆತನದ್ದು. ಅದಕ್ಕೆ ಮುಂಚಿನ ನಲವತ್ತು ದಿನದ ಉಪವಾಸದ ಕಾಲವಿಡೀ ಒಪ್ಪೊತ್ತು ಉಂಡು, ಎಲ್ಲೂ ಹೊಲಿಗೆ ಬೀಳದಂತೆ ನೇಯುತ್ತಿದ್ದ. ಅದು ಬಿಟ್ಟರೆ ಅವನಿಗೆ ಬೇರೆ ಹಿರಿಮೆ ಇರಲಿಲ್ಲ, ಬೇಕೂ ಇರಲಿಲ್ಲ.

ಒಂದು ವರ್ಷ, ಅದೇ ಶುಕ್ರವಾರ ಬೆಳಿಗ್ಗೆ ಬಟ್ಟೆ ಹೊತ್ತು ಬರುತ್ತಾನೆ, ದಾರಿಯ ಮಂಟಪದಲ್ಲಿ ಒಬ್ಬಳು ಮುದುಕಿ ಸತ್ತು ಬಿದ್ದಿದ್ದಾಳೆ. ಎಲ್ಲಿಂದ ಬಂದವಳೋ, ಯಾವ ಜಾತಿಯೋ, ಯಾವ ದೇವರೋ. ಮೈಮೇಲೆ ಮಾನ ಮುಚ್ಚುವಷ್ಟು ಚಿಂದಿಯೂ ಇಲ್ಲ. ಜನ ಬಳಸಿಕೊಂಡು ಹೋಗುತ್ತಿದ್ದರಂತೆ. ಸಂದ್ಯಾಗಪ್ಪ ನಿಂತ. ಕಂಕುಳಲ್ಲಿ ಸ್ವಾಮಿಯ ಬಟ್ಟೆ, ಹೆಗಲ ಮೇಲೆ ತನ್ನ ಹರಕು ಕಂಬಳಿ. ಎರಡನ್ನೂ ನೋಡಿದ. ಆಮೇಲೆ ಸ್ವಾಮಿಯ ಬಟ್ಟೆಯನ್ನೇ ಬಿಚ್ಚಿ ಅವಳಿಗೆ ಸುತ್ತಿ, ತಾನೇ ಗುಂಡಿ ತೋಡಿ ಮಣ್ಣು ಮಾಡಿದ.

ಮಧ್ಯಾಹ್ನ ಮೂರ್ತಿಯನ್ನು ಇಳಿಸಿದವರು ಬಟ್ಟೆಗೆ ಕೈಚಾಚಿದರೆ ಕಂಬಳಿ ಕೊಟ್ಟ. ನಡೆದದ್ದನ್ನೂ ಹೇಳಿದ. ಊರ ಯಜಮಾನ ಚೌರಪ್ಪನ ಮುಖ ಕೆಂಡವಾಯಿತಂತೆ.

"ಲೋ ಸಂದ್ಯಾಗ, ಈ ಹರಕನ್ನ ಆ ಹೆಣಕ್ಕೆ ಹೊದಿಸಿದ್ದರೆ ಆಗ್ತಿರಲಿಲ್ವೇನೋ?"

"ಅವಳು ಕಡೇ ತೀರ್ಪಿನ ದಿನದ ತನಕ ಮಲಗಬೇಕು ಯಜಮಾನರೇ. ಗಟ್ಟಿ ಬಟ್ಟೆ ಬೇಕು. ನಮ್ಮ ಸ್ವಾಮಿ ಭಾನುವಾರ ಎದ್ದುಬಿಡ್ತಾರೆ. ಎರಡು ರಾತ್ರಿಗೆ ಕಂಬಳಿ ಸಾಲದಾ?"

"ಹಾಗಾದರೆ ಭಾನುವಾರ ಅವರನ್ನೇ ಕೇಳೋಣ. ಅಲ್ಲೀವರೆಗೂ ನೀನು ಚರ್ಚಿನ ಹೊಸ್ತಿಲಾಚೆ. ಮುಂದಿನ ವರ್ಷದಿಂದ ನೇಯೋ ಹಕ್ಕು ಬೇರೆ ಮನೆಗೆ."

ಆ ಮಾತು ಸಂದ್ಯಾಗಪ್ಪನ ಎದೆಗೆ ನಾಟಿತು. ಅಜ್ಜ ಮುತ್ತಜ್ಜರಿಂದ ಬಂದದ್ದು ತನ್ನ ಕೈಯಲ್ಲಿ ಕಳೆಯಿತಲ್ಲ ಎಂದು ಕೊರಗಿದ. ಆದರೆ ತಪ್ಪಾಯಿತು ಎನ್ನಲಿಲ್ಲ. ಹೊಸ್ತಿಲಾಚೆ ಹೋಗಿ ನಿಂತ.

ಗವಿಗೆ ಬೀಗ ಬಿತ್ತು. ಬೀಗದಕೈ ಚೌರಪ್ಪನ ಉಡಿದಾರದಲ್ಲಿ. ಭಾನುವಾರ ನಸುಕಿನಲ್ಲಿ ಬಾಗಿಲು ತೆಗೆದರೆ, ಕಂಬಳಿ ಮೂರ್ತಿಯ ಮೇಲಿಲ್ಲ. ಮಡಿಸಿ ಮೂಲೆಯಲ್ಲಿ ಇಟ್ಟಿತ್ತು ಅಂತಾರೆ. ಚೌರಪ್ಪನೇ ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದ.

"ನೀನು ಮಡಿಸಿದ್ದಾ?"

ಸಂದ್ಯಾಗಪ್ಪ ಕಂಬಳಿಯನ್ನು ಬೆರಳಲ್ಲಿ ಸವರಿ ನೋಡಿದ. "ನಾನಲ್ಲ. ನೋಡಿ, ಅಂಚಿಗೆ ಅಂಚು ಕೂಡಿಲ್ಲ. ನೇಯುವವನು ಹೀಗೆ ಮಡಿಸಲ್ಲ ಯಜಮಾನರೇ. ಇದು ಬಡಗಿ ಕೈ."

ಯೇಸುಸ್ವಾಮಿ ಬೆಳೆದದ್ದು ಬಡಗಿಯ ಮನೆಯಲ್ಲಿ ಎಂದು ಅಲ್ಲಿದ್ದ ಕೂಸುಗಳಿಗೂ ಗೊತ್ತಿತ್ತು. ಚೌರಪ್ಪ ತಲೆಯ ರುಮಾಲು ತೆಗೆದ. "ಒಳಗೆ ಬಾರಪ್ಪ" ಅಂದನಂತೆ, ಅಷ್ಟೇ.

ಸಂದ್ಯಾಗಪ್ಪ ಹೋಗಿ ಎಷ್ಟು ತಲೆಮಾರಾಯಿತೋ. ಹಾಲಗಲ್ಲಿನಲ್ಲಿ ಇಂದಿಗೂ ಶುಭಶುಕ್ರವಾರ ಸ್ವಾಮಿಗೆ ಹೊದಿಸುವುದು ಹಳೆ ಕಂಬಳಿ. ಪಕ್ಕದ ಊರಿನವರು ಆಡಿಕೊಂಡರೂ ಇವರು ತಲೆಯೆತ್ತಿಯೇ ನಡೆಯುತ್ತಾರೆ. ಅದೇ ಮನೆತನ ನೇಯ್ದ ಹೊಸ ಬಟ್ಟೆ ಪೆಟ್ಟಿಗೆಯಲ್ಲಿ ಕಾಯುತ್ತಿರುತ್ತದೆ. ಸುತ್ತಲ ಊರುಗಳಲ್ಲಿ ದಿಕ್ಕಿಲ್ಲದವರು ಸತ್ತರೆ ಇಲ್ಲಿಗೇ ಹೇಳಿಕಳಿಸುತ್ತಾರೆ. ಯಾರು, ಯಾವ ಕಡೆಯವರು ಎಂದು ಹಾಲಗಲ್ಲಿನವರು ಕೇಳುವುದಿಲ್ಲ. ಆಳು ಎಷ್ಟು ಉದ್ದ ಎಂದು ಕೇಳುತ್ತಾರೆ.